ಬಯಲುಸೀಮೆಯ ಹುಡುಗನಿಗೆ ಸಮುದ್ರವೇಕೆ ಎನ್ನುವವರಿಗೆ



ನಮ್ಮ ಯಲ್ಲದಕೆರೆಯ ಕಡೆಯ ತರುಣನೊಬ್ಬ ಭಾರತೀಯ ಕರಾವಳಿ ರಕ್ಷಣಾ ಪಡೆಗೆ, ಅಂದರೆ ಕೋಸ್ಟ್ ಗಾರ್ಡಿಗೆ, ಅರ್ಜಿ ಹಾಕುವೆನೆಂದರೆ ಹಿರಿಯರಿಂದ ಎರಡು ಬಗೆಯ ಮಾತು ಹೊರಡುತ್ತದೆ. "ನೀರಿಲ್ಲದ ಸೀಮೆಯವನಿಗೆ ಸಮುದ್ರದ ಉಸಾಬರಿ ಏಕಪ್ಪಾ?" ಎಂಬುದು ಒಂದು. "ಹೋಗಲಿ ಬಿಡಿ, ಸರ್ಕಾರದ ಖರ್ಚಿನಲ್ಲಿ ದೇಶವಿದೇಶ ಸುತ್ತಿ ಬರುತ್ತಾನೆ" ಎಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪಲಾರೆ. ಮೊದಲನೆಯದು ಮಗನನ್ನು ಹೊಸ್ತಿಲಲ್ಲೇ ತಡೆಯುತ್ತದೆ. ಎರಡನೆಯದು ಹುಸಿ ಆಸೆ ಹುಟ್ಟಿಸಿ ಕಳುಹಿಸುತ್ತದೆ.

ಮೊದಲನೆಯ ಮಾತಿಗೆ ಉತ್ತರ ಹೇಳುತ್ತೇನೆ. ವೇದಾವತಿಯ ಅಣೆಕಟ್ಟಿಗೆ ವಾಣಿವಿಲಾಸ 'ಸಾಗರ'ವೆಂಬ ಹೆಸರನ್ನು ಒಪ್ಪಿಕೊಂಡವರು ನಾವು. 1933ರ ನಂತರ ಅದು ಮತ್ತೆ ಕೋಡಿ ಬೀಳುವುದನ್ನು ಕಾಣಲು 2022ರವರೆಗೆ ಕಾದವರೂ ನಾವೇ. ನೀರಿನ ಬೆಲೆಯನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಸಮುದ್ರಕ್ಕೂ ನಮಗೂ ಸಂಬಂಧವಿಲ್ಲವೆಂಬುದೂ ತಪ್ಪು. ನಮ್ಮ ಹೊಲವನ್ನು ಉಳುವ ಟ್ರ್ಯಾಕ್ಟರಿಗೆ ಡೀಸೆಲ್ ಬೇಕು. ದೇಶಕ್ಕೆ ಬೇಕಾದ ಕಚ್ಚಾ ತೈಲದ ಬಹುಪಾಲು ಹಡಗುಗಳಲ್ಲಿಯೇ ಬರುತ್ತದೆ. ಆ ಹಡಗಿನ ದಾರಿ ಕಾಯುವ ಕೆಲಸ ಕರಾವಳಿಯವರದು ಮಾತ್ರವೇ?

ಪಡೆಯೂ ಅಭ್ಯರ್ಥಿಯ ಊರಿನಲ್ಲಿ ಕಡಲಿದೆಯೇ ಎಂದು ಕೇಳುವುದಿಲ್ಲ. ನಾವಿಕ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ 7 ನಿಮಿಷದಲ್ಲಿ 1.6 ಕಿ.ಮೀ. ಓಟ, 20 ಬಸ್ಕಿ, 10 ದಂಡ, ಈಜು ಅದರಲ್ಲಿಲ್ಲ. ಆಯ್ಕೆಯಾದವರಿಗೆ ಒಡಿಶಾದ ಚಿಲ್ಕಾದಲ್ಲಿ ತರಬೇತಿ. ಹೊಲದಲ್ಲಿ ದುಡಿದ ಮೈಗೆ ಇದು ಭಾರವಲ್ಲ. ಅಡ್ಡಿಯಿರುವುದು ಬೇರೆಡೆ. ಸಾಮಾನ್ಯ ಕರ್ತವ್ಯದ ನಾವಿಕನಾಗಲು ಪಿ.ಯು.ಸಿ.ಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿರಬೇಕು. "ಲೆಕ್ಕ ಕಷ್ಟ, ಬೇಡ ಬಿಡು" ಎಂದು ಎಸ್.ಎಸ್.ಎಲ್.ಸಿ. ಮುಗಿದೊಡನೆ ಮಕ್ಕಳನ್ನು ಆ ವಿಷಯಗಳಿಂದ ಬಿಡಿಸುವವರು ಯಾರು? ಬಾಗಿಲು ಮುಚ್ಚುತ್ತಿರುವುದು ಸಮುದ್ರವಲ್ಲ, ನಾವು.

ಇನ್ನು ದೇಶ ಸುತ್ತುವ ಮಾತು. ನಮ್ಮ ರಾಜ್ಯದಲ್ಲಿ ಪಣಂಬೂರು ಮತ್ತು ಕಾರವಾರಗಳಲ್ಲಿ ಪಡೆಯ ನೆಲೆಗಳಿವೆ. ಆದರೆ ಮಗ ಅಲ್ಲಿಯೇ ಇರುತ್ತಾನೆಂದು ಯಾರೂ ಭರವಸೆ ಕೊಡಲಾರರು. ಪೋರಬಂದರಿಗೂ ಹೋಗಬೇಕು, ಪಾರಾದೀಪಕ್ಕೂ ಹೋಗಬೇಕು, ಅಂಡಮಾನಿಗೂ ಹೋಗಬೇಕು. ವರ್ಷಕ್ಕೆ 45 ದಿನಗಳ ಗಳಿಕೆ ರಜೆ, 8 ದಿನಗಳ ಸಾಂದರ್ಭಿಕ ರಜೆ ಉಂಟು, ನಿಜ. ಆದರೆ ಅದು ಯುಗಾದಿಗೋ ಊರ ಜಾತ್ರೆಗೋ ಸರಿಯಾಗಿ ಒದಗುವುದೆಂದು ಹೇಳಲಾಗದು. ವಿದೇಶಯಾನವೂ ಉಂಟು. 2024ರಲ್ಲಿ 'ಸಮುದ್ರ ಪಹರೇದಾರ್' ನೌಕೆ ಫಿಲಿಪೀನ್ಸ್, ವಿಯೆಟ್ನಾಂ, ಬ್ರೂನೈಗಳಿಗೆ ಹೋಗಿಬಂದಿತು. ಅದು ವಿಹಾರನೌಕೆಯಲ್ಲ, ಕಡಲಿಗೆ ಚೆಲ್ಲಿದ ತೈಲವನ್ನು ಶುಚಿಗೊಳಿಸುವ ನೌಕೆ.

ಈ ವೃತ್ತಿಯ ನಿಜರೂಪ ಕಾಣಬೇಕಾದರೆ 2021ರ ಮೇ 17ನ್ನು ನೆನೆಯಿರಿ. ತೌಕ್ತೆ ಚಂಡಮಾರುತದಲ್ಲಿ ಮೂಲ್ಕಿಯ ಕಡಲಬಂಡೆಗಳಿಗೆ ಸಿಕ್ಕಿಬಿದ್ದ ಟಗ್ ಒಂದರಲ್ಲಿ ಒಂಬತ್ತು ಮಂದಿ ಇದ್ದರು. ಐವರನ್ನು ಪಡೆಯ 'ವರಾಹ' ನೌಕೆಯವರು, ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರಿನವರು ಕಾಪಾಡಿದರು. 2024ರ ಸೆಪ್ಟೆಂಬರ್ 2ರನ್ನೂ ಮರೆಯಬಾರದು. ಪೋರಬಂದರದ ಬಳಿ ಹಡಗೊಂದರಲ್ಲಿ ಗಾಯಗೊಂಡವನನ್ನು ಕರೆತರಲು ಹೊರಟ ಪಡೆಯ ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದು ಮೂವರು ಪ್ರಾಣ ತೆತ್ತರು. ಮಗನನ್ನು ಕಳುಹಿಸುವ ತಂದೆತಾಯಿಗೆ ಈ ಎರಡೂ ದಿನಗಳು ತಿಳಿದಿರಬೇಕು. ಪ್ರವಾಸದ ಆಸೆ ತೋರಿಸಿ ಅಪಾಯವನ್ನು ಮುಚ್ಚಿಡುವುದು ಹಿತವಚನವಲ್ಲ, ವಂಚನೆ.

1978ರಲ್ಲಿ ಸಂಸತ್ತಿನ ಕಾಯ್ದೆಯಿಂದ ನೆಲೆಗೊಂಡ ಈ ಪಡೆಯ ಧ್ಯೇಯವಾಕ್ಯ 'ವಯಂ ರಕ್ಷಾಮಃ' — ನಾವು ರಕ್ಷಿಸುತ್ತೇವೆ. ನಾವು ಸುತ್ತುತ್ತೇವೆ ಎಂದಲ್ಲ. ನಾವು ಕರಾವಳಿಯವರು ಎಂದೂ ಅಲ್ಲ.

ನನ್ನ ಬಳಿ ಓದಿದ ನಿಮ್ಮಲ್ಲಿ ಹಲವರ ಮಕ್ಕಳು ಈಗ ಹತ್ತನೆಯ ತರಗತಿಯಲ್ಲಿದ್ದಾರೆ. ಅವರಲ್ಲೊಬ್ಬನು ಸಮುದ್ರದ ಮಾತೆತ್ತಿದರೆ ನಗಬೇಡಿ, ಸಿಂಗಪುರದ ಕಥೆಯನ್ನೂ ಹೇಳಬೇಡಿ. ಅಲ್ಲಿನ ಕಷ್ಟವನ್ನು ಇದ್ದಂತೆ ತಿಳಿಸಿ, ಗಣಿತವನ್ನು ಬಿಡದಂತೆ ನೋಡಿಕೊಳ್ಳಿ. ಆಮೇಲೆ ನಿರ್ಧಾರ ಅವನದು.