ಹಗುರ ಕಾರು, ಭಾರದ ಪ್ರಶ್ನೆ

ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಹೆಥೆಲ್‌ನಲ್ಲಿ, ಎರಡನೆಯ ಮಹಾಯುದ್ಧ ಕಾಲದ ವಿಮಾನ ನೆಲೆಯೊಂದರ ಜಾಗದಲ್ಲಿ, ಲೋಟಸ್ ಕಂಪನಿಯ ಕಾರ್ಖಾನೆಯಿದೆ. ಅಲ್ಲಿ ರೂಪುಗೊಂಡ ಎಮಿರಾ ಎಂಬ ಎರಡು ಆಸನಗಳ ಕ್ರೀಡಾಕಾರನ್ನು 2021ರ ಜುಲೈನಲ್ಲಿ ಅನಾವರಣಗೊಳಿಸಿದಾಗ, ಇದೇ ತನ್ನ ಕೊನೆಯ ಪೆಟ್ರೋಲ್ ಕಾರು ಎಂದು ಕಂಪನಿ ಸಾರಿತ್ತು. ಸೇವಾವಧಿಯನ್ನೆಲ್ಲ ಸರ್ಕಾರಿ ಜೀಪಿನಲ್ಲಿ ಕಳೆದ ನನ್ನಂಥವನಿಗೆ ಇಂಥ ಕಾರಿನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಕಾರು ಕೊಳ್ಳುವ ಆಸೆಯಾಗಲಿ ಶಕ್ತಿಯಾಗಲಿ ನನಗಿಲ್ಲ. ಆದರೆ ಈ ಕಾರು ಎತ್ತುವ ಪ್ರಶ್ನೆ ತೆರಿಗೆ ಮತ್ತು ಕಾನೂನಿಗೆ ಸಂಬಂಧಿಸಿದ್ದು. ಅದು ಎಲ್ಲರದ್ದೂ ಹೌದು.

ಎಮಿರಾದ ಎಂಜಿನ್ ಇರುವುದು ಆಸನಗಳ ಬೆನ್ನಿಗೆ, ಹಿಂದಿನ ಗಾಲಿಗಳ ಅಚ್ಚಿಗಿಂತ ಮುಂದೆ. ಇದು ಕೇವಲ ಶೋಕಿಯಲ್ಲ. ಕಾವಡಿಯ ಎರಡು ತುದಿಗಳಲ್ಲಿ ಭಾರ ಹೊತ್ತವನು ಥಟ್ಟನೆ ತಿರುಗಲಾರ. ಅದೇ ಭಾರವನ್ನು ಸೊಂಟಕ್ಕೆ ಕಟ್ಟಿಕೊಂಡವನು ಸಲೀಸಾಗಿ ತಿರುಗುತ್ತಾನೆ. ಭಾರ ನಡುವಿನಲ್ಲಿದ್ದರೆ ಕಾರೂ ತಿರುವುಗಳಲ್ಲಿ ಚಾಲಕನ ಇಚ್ಛೆಗೆ ಬೇಗ ಓಗೊಡುತ್ತದೆ. ಇದರ ಜೊತೆಗೆ, ಅನಗತ್ಯ ತೂಕವನ್ನು ಕಳೆಯುವುದೇ ಸಾಮರ್ಥ್ಯ ಹೆಚ್ಚಿಸುವ ದಾರಿ ಎಂಬುದು ಕಂಪನಿಯ ಸ್ಥಾಪಕ ಕಾಲಿನ್ ಚಾಪ್‌ಮನ್ ಅವರ ನಂಬಿಕೆಯಾಗಿತ್ತು. 1996ರಲ್ಲಿ ಬಂದ ಎಲಿಸ್ ಕಾರಿನ ಅಲ್ಯೂಮಿನಿಯಂ ಚೌಕಟ್ಟನ್ನು ಅಂಟಿನಿಂದ ಜೋಡಿಸಲಾಗಿತ್ತು. ಕಾರಿನ ಒಟ್ಟು ತೂಕ ಸುಮಾರು 725 ಕಿಲೋಗ್ರಾಂ, ಅಂದರೆ ನಮ್ಮ ಮಾರುತಿ 800ಕ್ಕಿಂತ ತುಸುವೇ ಹೆಚ್ಚು. ಕಾಲಕ್ಕೆ ತಕ್ಕಂತೆ ಸುರಕ್ಷತೆ, ಸೌಕರ್ಯಗಳನ್ನು ತುಂಬಿಕೊಂಡ ಎಮಿರಾ ಸುಮಾರು 1,400 ಕಿಲೋಗ್ರಾಂ ತೂಗುತ್ತದೆ.

ಇದೇ ಕಂಪನಿಯ ಹೆಸರಿನಲ್ಲಿ ಬಂದಿರುವ, ಚೀನಾದ ವುಹಾನ್‌ನಲ್ಲಿ ತಯಾರಾಗುವ ಎಲೆಟ್ರಾ ಎಂಬ ವಿದ್ಯುತ್ ವಾಹನದ ತೂಕ ಸುಮಾರು ಎರಡೂವರೆ ಟನ್. ಭಾರವನ್ನು ಕಳೆಯುವುದೇ ವ್ರತವಾಗಿದ್ದ ಮನೆತನದಲ್ಲಿ ಇಂಥ ಕುಡಿ ಹುಟ್ಟಿದ್ದು ಆಕಸ್ಮಿಕವಲ್ಲ. ಮಾರುಕಟ್ಟೆಯ ಅಭಿರುಚಿ ಮತ್ತು ಸರ್ಕಾರಗಳ ನೀತಿ ಎರಡೂ ಸೇರಿ ಅದನ್ನು ಹುಟ್ಟಿಸಿವೆ.

ನೀತಿಯ ವಿಷಯಕ್ಕೆ ಬರೋಣ. ಕೇವಲ ಪೆಟ್ರೋಲ್ ಅಥವಾ ಡೀಸೆಲ್‌ನಿಂದ ಓಡುವ ಹೊಸ ಕಾರುಗಳ ಮಾರಾಟವನ್ನು 2030ರಿಂದ ನಿಲ್ಲಿಸುವುದು ಬ್ರಿಟನ್ನಿನ ಗುರಿ. ಆದರೆ 2025ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಮ್ಯಾಕ್‌ಲಾರೆನ್, ಆಸ್ಟನ್ ಮಾರ್ಟಿನ್‌ಗಳಂಥ ಸಣ್ಣ ಪ್ರಮಾಣದ ತಯಾರಕರಿಗೆ ವಿನಾಯಿತಿ ಘೋಷಿಸಿತು. ಐರೋಪ್ಯ ಒಕ್ಕೂಟದ ನಿಯಮದಲ್ಲೂ ವರ್ಷಕ್ಕೆ ಸಾವಿರಕ್ಕಿಂತ ಕಡಿಮೆ ಕಾರು ಮಾರುವವರಿಗೆ ವಿನಾಯಿತಿ ಇದೆ. ಇಷ್ಟು ಕಡಿಮೆ ಸಂಖ್ಯೆಯ ಕಾರುಗಳ ಹೊಗೆ ಲೆಕ್ಕಕ್ಕೇ ಬಾರದು ಎಂಬುದು ವಾದ.

ಅರ್ಥಶಾಸ್ತ್ರದ ದೃಷ್ಟಿಯಿಂದ ಈ ವಾದವನ್ನು ತಳ್ಳಿಹಾಕಲಾಗದು. ವಾರಕ್ಕೊಮ್ಮೆ ಹೊರಬರುವ ಬೆರಳೆಣಿಕೆಯ ಕಾರುಗಳನ್ನು ನಿಷೇಧಿಸಿ ಉಳಿಯುವ ಇಂಗಾಲ ಅತ್ಯಲ್ಪ; ಅದಕ್ಕಾಗಿ ಕಳೆದುಕೊಳ್ಳುವ ಕುಶಲ ಉದ್ಯೋಗ ದೊಡ್ಡದು. ಆದರೆ ಕಾನೂನು ಲೆಕ್ಕದ ಪುಸ್ತಕ ಮಾತ್ರವಲ್ಲ. ಹಳೆಯ ಕಾರು ಬದಲಿಸಬೇಕಾದ ಶಾಲಾ ಮಾಸ್ತರನಿಗೆ ಪೆಟ್ರೋಲ್ ಕಾರು ಸಿಗದು, ಕೋಟ್ಯಧಿಪತಿಗೆ ಸಿಗುತ್ತದೆ ಎಂದಾದರೆ, ಆ ಕಾನೂನಿನ ಮೇಲೆ ಜನರಿಗೆ ಗೌರವ ಉಳಿಯುವುದೇ? ವಿನಾಯಿತಿಯ ಪಟ್ಟಿ ಒಮ್ಮೆ ತೆರೆದರೆ ಅದರಲ್ಲಿ ಹೆಸರು ಸೇರಿಸಲು ಸಾಲು ನಿಲ್ಲುವವರು ಯಾರು ಎಂಬುದನ್ನು ಕಡತಗಳ ನಡುವೆ ಬದುಕಿದ ನಾನು ಬಲ್ಲೆ. ಬಡವರಂತೂ ಅಲ್ಲ.

ನಿಷೇಧ ಮತ್ತು ವಿನಾಯಿತಿಗಳ ನಡುವೆ ಮೂರನೆಯ ದಾರಿಯೊಂದಿದೆ: ಬೆಲೆ ತೆರುವುದು. 2025ರ ಏಪ್ರಿಲ್‌ನಿಂದ ಬ್ರಿಟನ್ನಿನಲ್ಲಿ ಕಿಲೋಮೀಟರಿಗೆ 255 ಗ್ರಾಂಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಉಗುಳುವ ಹೊಸ ಕಾರಿಗೆ ಮೊದಲ ವರ್ಷದ ತೆರಿಗೆಯೇ 5,490 ಪೌಂಡ್ ಎಂದು ನಿಗದಿಯಾಯಿತು. ಪ್ಯಾರಿಸ್‌ನಲ್ಲಿ 2024ರ ಫೆಬ್ರುವರಿಯ ಜನಮತದ ನಂತರ ಭಾರದ ಕಾರುಗಳಲ್ಲಿ ಬರುವ ಹೊರಗಿನವರ ಪಾರ್ಕಿಂಗ್ ಶುಲ್ಕ ಮೂರು ಪಟ್ಟಾಯಿತು. ಎರಡು ಟನ್ ಮೀರಿದ ವಿದ್ಯುತ್ ಕಾರುಗಳಿಗೂ ಅದು ಅನ್ವಯ. ಗಮನಿಸಿ, ಅಲ್ಲಿ ದಂಡ ಬಿದ್ದದ್ದು ಇಂಧನದ ಹೆಸರಿಗಲ್ಲ, ವಾಹನದ ಭಾರಕ್ಕೆ.

ನಮ್ಮಲ್ಲಿ ಏನಾಗಿದೆ? 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳ ಪ್ರಕಾರ ಸಣ್ಣ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ 18, ದೊಡ್ಡ ಕಾರುಗಳಿಗೆ ಶೇ 40. ವಿದ್ಯುತ್ ಕಾರಿಗೆ, ಅದರ ಬೆಲೆ ಹತ್ತು ಲಕ್ಷವಿರಲಿ ಎರಡು ಕೋಟಿಯಿರಲಿ, ಶೇ 5 ಮಾತ್ರ. ವಿದ್ಯುತ್ ವಾಹನಕ್ಕೆ ಉತ್ತೇಜನ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ನಗರದ ಗಾಳಿಗೆ ಅದು ವರದಾನ. ಆದರೆ ನಮ್ಮ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತದೆ. ಎರಡೂವರೆ ಟನ್ ಎಳೆಯಲು ಹೆಚ್ಚು ವಿದ್ಯುತ್ ಬೇಕು, ರಸ್ತೆಯೂ ಟೈರೂ ಹೆಚ್ಚು ಸವೆಯುತ್ತವೆ. ಶ್ರೀಮಂತನ ಭಾರೀ ವಾಹನಕ್ಕೆ ಶೇ 5, ಗುಮಾಸ್ತನ ಸಣ್ಣ ಕಾರಿಗೆ ಶೇ 18 ಎಂಬುದು ಯಾವ ನ್ಯಾಯ? 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ಕರ್ನಾಟಕವು 2024ರಲ್ಲಿ ಶೇ 10ರ ಆಜೀವ ತೆರಿಗೆ ವಿಧಿಸಿದಾಗ ಟೀಕೆ ಕೇಳಿಬಂತು. ನನ್ನ ಅಭಿಪ್ರಾಯದಲ್ಲಿ ಆ ಕ್ರಮ ಸರಿಯಾದ ದಿಕ್ಕಿನಲ್ಲೇ ಇತ್ತು.

ಭಾರತ ಮತ್ತು ಬ್ರಿಟನ್ 2025ರ ಜುಲೈ 24ರಂದು ಸಹಿ ಹಾಕಿದ ವ್ಯಾಪಾರ ಒಪ್ಪಂದವು, ನಿಗದಿತ ಸಂಖ್ಯೆಯ ಬ್ರಿಟಿಷ್ ಕಾರುಗಳ ಮೇಲಿನ ಆಮದು ಸುಂಕವನ್ನು ಹಂತಹಂತವಾಗಿ ಶೇ 10ಕ್ಕೆ ಇಳಿಸುತ್ತದೆ. ಹೆಥೆಲ್‌ನ ಕಾರುಗಳು ಬರುವುದಾದರೆ ಬರಲಿ, ನನ್ನ ಆಕ್ಷೇಪವಿಲ್ಲ. ಆದರೆ ಗಡಿಯಲ್ಲಿ ಇಳಿದ ಸುಂಕದ ಜಾಗದಲ್ಲಿ ರಸ್ತೆಯ ಮೇಲೊಂದು ನ್ಯಾಯವಾದ ತೆರಿಗೆ ನಿಲ್ಲಬೇಕು. ಅದರ ಅಳತೆಗೋಲು ಮೂರೇ ಆಗಿರಲಿ: ವಾಹನದ ಭಾರ, ಅದರ ಹೊಗೆ, ಅದರ ಬೆಲೆ. ಕಾರು ಯಾವ ಇಂಧನದ ಹೆಸರು ಹೊತ್ತಿದೆ, ಅದರ ತಯಾರಕ ಎಷ್ಟು ಪ್ರತಿಷ್ಠಿತ ಎಂಬುದು ಲೆಕ್ಕಕ್ಕೆ ಬರಬಾರದು. ಆಗ ಹಗುರ ಕಾರಿನ ಹುಚ್ಚಿರುವವನು ತನ್ನ ಸಂತೋಷಕ್ಕೆ ತಾನೇ ಬೆಲೆ ತೆರುತ್ತಾನೆ. ಅದರ ಹೊರೆ ಬಸ್ಸಿನಲ್ಲಿ ನಿಂತು ಪ್ರಯಾಣಿಸುವವನ ಮೇಲೆ ಬೀಳುವುದಿಲ್ಲ.