ಚೀನಾದ ಕಷಾಯ, ಪರೇಲಿನ ಒರೆಗಲ್ಲು

ಮುಟ್ಟಿನ ನೋವಿಗೆ ನಮ್ಮ ಮನೆಗಳಲ್ಲಿ ಎರಡು ಮದ್ದು. ಒಂದು ಜೀರಿಗೆ ಕಷಾಯ, ಇನ್ನೊಂದು ‘ಮದುವೆಯಾದರೆ ಎಲ್ಲ ಸರಿಹೋಗುತ್ತೆ’ ಎಂಬ ಮಾತು. ಮದುವೆಯಾದ ಮೇಲೂ ಹೋಗದಿದ್ದರೆ ‘ಒಂದು ಮಗುವಾಗಲಿ’. ಹೀಗೆ ವರ್ಷಗಳು ಕಳೆದು, ಕೊನೆಗೊಂದು ದಿನ ಸ್ಕ್ಯಾನ್ ನೋಡಿದ ಡಾಕ್ಟರು ಅಂಡಾಶಯದಲ್ಲಿ ‘ಚಾಕಲೇಟ್ ಸಿಸ್ಟ್’ ಇದೆ ಎನ್ನುತ್ತಾರೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯಕ್ಕೋ ಕಿಬ್ಬೊಟ್ಟೆಯ ಪೊರೆಗೋ ಕರುಳಿಗೋ ಅಂಟಿಕೊಂಡು ಬೆಳೆಯುವ ಈ ಕಾಯಿಲೆಯೇ ಎಂಡೋಮೆಟ್ರಿಯೋಸಿಸ್. ಜಗತ್ತಿನಲ್ಲಿ ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಶೇ. 10ರಷ್ಟು, ಅಂದರೆ ಸುಮಾರು 19 ಕೋಟಿ ಮಂದಿಗೆ ಇದು ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಮುಂಬೈಯ ಪರೇಲ್ ಅಂದರೆ ಆಸ್ಪತ್ರೆಗಳ ಊರು. ಕೆಇಎಂ, ವಾಡಿಯಾ ಹೆರಿಗೆ ಆಸ್ಪತ್ರೆ, ಟಾಟಾ ಮೆಮೋರಿಯಲ್ ಎಲ್ಲ ಕೂಗಳತೆಯಲ್ಲಿವೆ. ಎಂಡೋಮೆಟ್ರಿಯೋಸಿಸ್ ಇರುವ ಭಾರತೀಯ ಹೆಂಗಸರ ಬಗ್ಗೆ ಹಲವು ರಾಜ್ಯಗಳಲ್ಲಿ ಅಧ್ಯಯನ ನಡೆಸುತ್ತಿರುವ ಐಸಿಎಂಆರ್‌ನ ಸಂತಾನೋತ್ಪತ್ತಿ ಆರೋಗ್ಯ ಸಂಶೋಧನಾ ಸಂಸ್ಥೆ ಇರುವುದೂ ಇಲ್ಲಿಯೇ. ಇಂಥ ಕಡೆಯೂ ಒಬ್ಬಾಕೆ ‘ಸೂಜಿ ಚುಚ್ಚಿಸಿಕೊಂಡು ನೋಡಲೇ? ಚೀನಾದ ಗಿಡಮೂಲಿಕೆ ತಿನ್ನಲೇ?’ ಎಂದು ಕೇಳಿದರೆ ಅದನ್ನು ಮೌಢ್ಯ ಎನ್ನಬೇಕೆ?

ನಾನು ಅನ್ನುವುದಿಲ್ಲ. ಆಸ್ಪತ್ರೆ ಕೊಡುವ ಹಾರ್ಮೋನ್ ಮಾತ್ರೆ ಕಾಯಿಲೆಯನ್ನು ಅದುಮಿಡುತ್ತದೆ, ಬೇರುಸಹಿತ ಕೀಳುವುದಿಲ್ಲ. ಮಾತ್ರೆ ಬಿಟ್ಟರೆ ನೋವು ಮರಳಬಹುದು. ಬಸಿರಾಗಬೇಕೆನ್ನುವವರು ಅದನ್ನು ನುಂಗುವಂತಿಲ್ಲ. ಆಪರೇಷನ್ ಆದ ಮೇಲೂ ಕೆಲವರಿಗೆ ಮತ್ತೆ ಬರುತ್ತದೆ. ಇಷ್ಟೆಲ್ಲ ಆದವಳು ಇನ್ನೊಂದು ಬಾಗಿಲು ತಟ್ಟಿದರೆ ನಗಬೇಕಾದ್ದೇನಿದೆ?

ಆ ಬಾಗಿಲ ಒಳಗೆ ಏನು ನಡೆಯುತ್ತದೆ ನೋಡಿ. ಚೀನೀ ವೈದ್ಯದಲ್ಲಿ ಇದಕ್ಕೆ ಹೇಳುವ ಮುಖ್ಯ ಕಾರಣ ‘ಶುಯೆ ಯು’, ನಮ್ಮ ಮಾತಿನಲ್ಲಿ ರಕ್ತ ಕಟ್ಟಿಕೊಳ್ಳುವುದು. ರಕ್ತದ ಬಣ್ಣ ಏನು, ಗಡ್ಡೆ ಹೋಗುತ್ತದೆಯೆ, ಬಿಸಿನೀರಿನ ಶಾಖ ಕೊಟ್ಟರೆ ಹಿತವೆ ಎಂದೆಲ್ಲ ವೈದ್ಯ ಕೇಳುತ್ತಾನೆ, ನಾಲಿಗೆ ನೋಡುತ್ತಾನೆ, ನಾಡಿ ಹಿಡಿಯುತ್ತಾನೆ. ಕಟ್ಟಿದ್ದನ್ನು ಬಿಡಿಸಲು ‘ಗುಯಿಝಿ ಫುಲಿಂಗ್’ ಎಂಬ ಗುಳಿಗೆ ಕೊಡಬಹುದು. ದಾಲ್ಚಿನ್ನಿ ಜಾತಿಯ ಗಿಡದ ಕಡ್ಡಿ, ಒಂದು ಬಗೆಯ ಅಣಬೆ, ಪಿಯೋನಿ ಬೇರು, ಇನ್ನೊಂದು ಪಿಯೋನಿಯ ಬೇರಿನ ತೊಗಟೆ, ಪೀಚ್ ಹಣ್ಣಿನ ಬೀಜ, ಈ ಐದು ಅದರಲ್ಲಿವೆ. ಸುಮಾರು 1800 ವರ್ಷಗಳ ಹಿಂದೆ ಜಾಂಗ್ ಜೊಂಗ್‌ಜಿಂಗ್ ಎಂಬ ವೈದ್ಯ ಬರೆದಿಟ್ಟ ಪಾಕ ಇದು. ಓಪಿಡಿಯಲ್ಲಿ ಮೂರು ನಿಮಿಷವೂ ಸಿಗದವಳಿಗೆ ಇಲ್ಲಿ ಅರ್ಧ ಗಂಟೆ ಸಿಕ್ಕಿತೆಂದರೆ, ಅವಳ ನೋವಿನಲ್ಲಿ ಒಂದು ಪಾಲು ಅಲ್ಲಿಯೇ ಇಳಿದಿರುತ್ತದೆ. ಇದು ಗಿಡಮೂಲಿಕೆಯ ಗುಣವಲ್ಲ, ಕೇಳುವ ಕಿವಿಯ ಗುಣ. ಆ ಕಿವಿ ಸರ್ಕಾರಿ ಆಸ್ಪತ್ರೆಗೂ ಬರಲಿ ಎನ್ನುವುದು ಬೇರೆಯೇ ಜಗಳ.

ಇನ್ನು ಮೂಲಿಕೆಯ ಗುಣದ ಮಾತು. ಚೀನೀ ಮೂಲಿಕೆಗಳ ಬಗ್ಗೆ, ವೈದ್ಯಕೀಯ ಪ್ರಯೋಗಗಳನ್ನು ಕಲೆಹಾಕಿ ತೂಗುವ ಕಾಕ್ರೇನ್ ಸಂಸ್ಥೆ ಸೋಸಿ ನೋಡಿದಾಗ ಲೆಕ್ಕಕ್ಕೆ ಸಿಕ್ಕಿದ್ದು ಎರಡೇ ಪ್ರಯೋಗ, 158 ಹೆಂಗಸರು. ಫಲ ಆಶಾದಾಯಕವಾಗಿತ್ತು, ಪುರಾವೆ ತೆಳುವಾಗಿತ್ತು. ಸೂಜಿ ಚುಚ್ಚುವ ಚಿಕಿತ್ಸೆ, ಅಂದರೆ ಅಕ್ಯುಪಂಕ್ಚರ್‌ನದು ಸ್ವಲ್ಪ ವಾಸಿ. 2023ರಲ್ಲಿ ಪ್ರಕಟವಾದ ಚೀನಾದ ಪ್ರಯೋಗವೊಂದರಲ್ಲಿ 106 ಹೆಂಗಸರಲ್ಲಿ ಕೆಲವರಿಗೆ ನಿಜವಾದ ಸೂಜಿ, ಉಳಿದವರಿಗೆ ಹುಸಿ ಸೂಜಿ ಚುಚ್ಚಿದರು. 12 ವಾರಕ್ಕೆ ನಿಜವಾದ ಸೂಜಿಯವರ ಮುಟ್ಟಿನ ನೋವು ಹೆಚ್ಚು ಇಳಿದಿತ್ತು. ಚುಚ್ಚುವುದು ನಿಲ್ಲಿಸಿದ ಮೇಲೆ ಆ ಅಂತರ ಉಳಿಯಲಿಲ್ಲ. ಯುರೋಪಿನ ತಜ್ಞರ 2022ರ ಮಾರ್ಗಸೂಚಿಯೂ ಇಂಥ ಯಾವ ಚಿಕಿತ್ಸೆಯನ್ನೂ ಹೆಸರಿಟ್ಟು ಶಿಫಾರಸು ಮಾಡಿಲ್ಲ.

‘ಸಾವಿರಾರು ವರ್ಷದ ವಿದ್ಯೆಗೆ ನಿಮ್ಮ ಪರೀಕ್ಷೆ ಯಾಕೆ?’ ಎಂದು ಸಿಡುಕುವವರಿದ್ದಾರೆ. ಅವರಿಗೆ ಉತ್ತರ ಪರೇಲಿನಲ್ಲೇ ಇದೆ. ಸರ್ಪಗಂಧದ ಬೇರು ನಮ್ಮ ಹಳೆಯ ಮದ್ದು. ಕೆಇಎಂನ ಹೃದ್ರೋಗ ತಜ್ಞ ರುಸ್ತುಂ ಜಲ್ ವಕೀಲ್ ಅದನ್ನು ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು, ಅಳೆದು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಮೇಲೆ ಲೋಕ ಅದನ್ನು ಕೈಗೆತ್ತಿಕೊಂಡಿತು. ಅದರ ಸಾರವಾದ ರಿಸರ್ಪಿನ್ ಕೆಲವರನ್ನು ಖಿನ್ನತೆಗೆ ದೂಡಬಹುದು ಎಂಬ ಅನುಮಾನವೂ ರೋಗಿಗಳನ್ನು ಹಾಗೆ ಗಮನಿಸಿದ್ದರಿಂದಲೇ ಮೂಡಿತು. ಒರೆಗೆ ಹಚ್ಚಿದ್ದರಿಂದ ಸರ್ಪಗಂಧದ ಮಾನವೇನೂ ಹೋಗಲಿಲ್ಲ.

ಒರೆಗೆ ಹಚ್ಚದಿದ್ದರೆ ಆಗುವುದೇನು? 1990ರ ದಶಕದ ಆರಂಭದಲ್ಲಿ ಬೆಲ್ಜಿಯಮ್ಮಿನಲ್ಲಿ ತೂಕ ಇಳಿಸುವ ಮದ್ದಿಗೆ ಒಂದು ಚೀನೀ ಬೇರಿನ ಬದಲು ಇನ್ನೊಂದು, ಅರಿಸ್ಟಲೋಕಿಯಾ ಜಾತಿಯದು, ಸೇರಿಹೋಯಿತು. ಎಷ್ಟೋ ಹೆಂಗಸರ ಮೂತ್ರಪಿಂಡ ಕೆಟ್ಟವು, ಕೆಲವರಿಗೆ ಮುಂದೆ ಕ್ಯಾನ್ಸರೂ ಬಂತು. ಹಾಗಾಗಿ ‘ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ’ ಎಂಬ ಬೋರ್ಡು ಕಂಡರೆ ನನಗೆ ಮೊದಲು ಅನುಮಾನ. ಏನಾದರೂ ಮಾಡಬಲ್ಲ ಮದ್ದು ಬೇಡದ್ದನ್ನೂ ಮಾಡಬಲ್ಲದು.

ಪರೇಲಿಗೂ ಚೀನಾಕ್ಕೂ ಹಳೆಯ ನಂಟಿದೆ. ನಮ್ಮ ಗಡಿಯಾಚೆಯ ಸೊಲ್ಲಾಪುರದ ದ್ವಾರಕಾನಾಥ ಕೋಟ್ನೀಸ್ ಓದಿದ್ದು ಇಲ್ಲಿನ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ. 1938ರಲ್ಲಿ ಐವರು ಭಾರತೀಯ ವೈದ್ಯರಲ್ಲಿ ಒಬ್ಬರಾಗಿ ಯುದ್ಧದ ಚೀನಾಕ್ಕೆ ಹೋದರು, 1942ರಲ್ಲಿ ಅಲ್ಲೇ ತೀರಿಕೊಂಡರು. ಅವರ ಜೊತೆ ಹೋಗಿದ್ದ ಕಲ್ಕತ್ತೆಯ ಬಿ.ಕೆ. ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದರು. ಕತ್ತರಿ ಕೊಟ್ಟು ಸೂಜಿ ತಂದ ಹಾಗಾಯಿತು! ಈಗ ಮಹಾರಾಷ್ಟ್ರದಲ್ಲಿ ಅಕ್ಯುಪಂಕ್ಚರಿಗೆಂದೇ ಕಾಯಿದೆಯಿದೆ, ಚುಚ್ಚುವವರು ಹೆಸರು ನೋಂದಾಯಿಸಿರಬೇಕು.

ಹಾಗಾಗಿ ನನ್ನ ತೀರ್ಮಾನ ಸೂಜಿಗೆ ಒಂದು, ಮೂಲಿಕೆಗೆ ಒಂದು. ನೋಂದಣಿ ಇರುವವರ ಕೈಯಲ್ಲಿ, ಹೊಸ ಸೂಜಿಯಿಂದ, ಸ್ತ್ರೀರೋಗ ತಜ್ಞರಿಗೆ ತಿಳಿಸಿ, ನಡೆಯುತ್ತಿರುವ ಚಿಕಿತ್ಸೆ ಬಿಡದೆ ಚುಚ್ಚಿಸಿಕೊಳ್ಳುವುದಾದರೆ ಚುಚ್ಚಿಸಿಕೊಳ್ಳಿ. ಚಾಕಲೇಟ್ ಸಿಸ್ಟ್ ಕರಗೀತೆಂದು ಮಾತ್ರ ಕಾಯಬೇಡಿ. ಒಳಗೇನಿದೆ ಎಂದು ಬರೆಯದ ಪೊಟ್ಟಣವನ್ನು, ಅದು ಚೀನಾದ್ದಾಗಲಿ ನಮ್ಮದೇ ಆಗಲಿ, ಅಂಗಡಿಯಲ್ಲೇ ಬಿಟ್ಟು ಬನ್ನಿ.