ದ್ವೀಪಕ್ಕೆ ಹೊರಡೋ ಮುಂಚೆ ಮಕ್ಕಳ ಗಡಿಯಾರ ನೋಡಿ

ಮುಂಚೆ ನಮ್ಮ ಕಡೆ ಟೂರು ಅಂದ್ರೆ ತಿರುಪತಿ, ಧರ್ಮಸ್ಥಳ, ಕೈಯಲ್ಲಿ ಇನ್ನಷ್ಟು ಕಾಸಿದ್ರೆ ಮೈಸೂರು. ಕೂಸಿನ ಮುಡಿ ಕೊಡೋ ನೆಪದಲ್ಲಿ ಹೋಗಿ, ಎರಡು ದಿನ ಇದ್ದು, ಲಾಡು ತಗೊಂಡು ಬರೋದು. ಈಗ ಚಿಕ್ಕಬಳ್ಳಾಪುರ ಆಗ್ಲಿ, ಚಿಂತಾಮಣಿ ಆಗ್ಲಿ, ನಾಲ್ಕು ಹೆಣ್ಮಕ್ಕಳು ಸೇರಿದ ಕಡೆ ಅಂಡಮಾನ್ ಮಾತು ಬರುತ್ತೆ. ಬರದೆ ಏನು? ದೇವನಹಳ್ಳಿ ಏರ್‌ಪೋರ್ಟು ಮನೆ ಬಾಗಿಲಲ್ಲೇ ಐತೆ. ಅಲ್ಲಿ ವಿಮಾನ ಹತ್ತಿದ್ರೆ ಎರಡೂವರೆ ಗಂಟೆ ಚಿಲ್ಲರೆಗೆ ಪೋರ್ಟ್ ಬ್ಲೇರ್. ಗೌರಿಬಿದನೂರಿಂದ ಬಸ್ಸಲ್ಲಿ ಬೆಂಗಳೂರು ಮೆಜೆಸ್ಟಿಕ್ ಮುಟ್ಟೋಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಹಿಡಿಯುತ್ತೆ.

ಹೋಗಬಾರ್ದು ಅಂತ ನಾನು ಹೇಳ್ತಾ ಇಲ್ಲ. ಸಮುದ್ರ ನೋಡೋ ಆಸೆ ಬಯಲುಸೀಮೆಯವರಿಗೆ ಇರೋಷ್ಟು ಇನ್ಯಾರಿಗೂ ಇರಲ್ಲ. ನಮ್ಮನೇಲೂ ಈ ಸಲ ಜನವರಿಗೆ ಅಂತ ಲೆಕ್ಕ ಹಾಕ್ತಾ ಇದೀವಿ. ದೊಡ್ಡವನಿಗೆ ಆರು ವರ್ಷ, ಚಿಕ್ಕವಳಿಗೆ ಮೂರು. ಆದ್ರೆ ಸಣ್ಣ ಮಕ್ಳನ್ನ ಕಟ್ಕೊಂಡು ದ್ವೀಪಕ್ಕೆ ಹೋಗೋರು ದೊಡ್ಡವರ ಪಟ್ಟಿ ಹಿಡ್ಕೊಂಡು ಹೋಗಬಾರ್ದು ಅನ್ನೋದು ನನ್ನ ವಾದ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ಕೂಸು ಯಾವುದೋ, ಅದರ ನಿದ್ದೆ ಮತ್ತೆ ಹೊಟ್ಟೆ ನೋಡ್ಕೊಂಡು ಹೋಗಬೇಕು.

ದ್ವೀಪಕ್ಕೂ ಊಟಿಗೂ ಇರೋ ವ್ಯತ್ಯಾಸ ಮೊದ್ಲು ತಿಳ್ಕೋಬೇಕು. ಊಟೀಲಿ ಮಗೂಗೆ ಜ್ವರ ಬಂದ್ರೆ ರಾತ್ರೋರಾತ್ರಿ ಕಾರು ಮಾಡ್ಕೊಂಡು ಇಳಿದು ಬರಬಹುದು. ದ್ವೀಪದಲ್ಲಿ ಸಂಜೆ ದೋಣಿ ಹೋಯ್ತು ಅಂದ್ರೆ ಹೋಯ್ತು. ನಾಳೆ ಬೆಳಗ್ಗೆ ಗಾಳಿ ಜೋರಿದ್ರೆ ನಾಳೇನೂ ಇಲ್ಲ. 2024ರ ಜೂನ್ 29ನೇ ತಾರೀಕು ನಮ್ಮವರು ಬಾರ್ಬಡಾಸ್‌ನಲ್ಲಿ ಟಿ-20 ವಿಶ್ವಕಪ್ ಗೆದ್ದಾಗ ನಾವೆಲ್ಲಾ ರಾತ್ರಿ ಎದ್ದು ಕೂತ್ಕೊಂಡು ನೋಡಿದ್ವಲ್ಲ, ಆಮೇಲೆ ಏನಾಯ್ತು ನೆನಪಿದೆಯಾ? ಬೆರಿಲ್ ಅನ್ನೋ ಚಂಡಮಾರುತ ಬಂದು, ಏರ್‌ಪೋರ್ಟು ಮುಚ್ಚಿ, ಕಪ್ಪು ಗೆದ್ದ ಟೀಮೇ ಹೋಟೆಲಲ್ಲಿ ಸಿಕ್ಕಾಕ್ಕೊಂಡಿತ್ತು. ಊರಿಗೆ ಬಂದಿದ್ದು ಜುಲೈ 4ಕ್ಕೆ, ಅದೂ ಅವರಿಗೇ ಅಂತ ವಿಮಾನ ಕಳಿಸಿದ ಮೇಲೆ. ನಮಗೆ ಯಾರು ಕಳಿಸ್ತಾರೆ?

ಅಮೆರಿಕದಲ್ಲಿರೋ ನಮ್ಮ ಕಡೆ ಮಕ್ಳು ಜಮೈಕಾ, ಬಾರ್ಬಡಾಸ್ ಅಂತ ಕೆರಿಬಿಯನ್ ದ್ವೀಪಗಳಿಗೆ ಹೋಗಿ ಫೋಟೋ ಕಳಿಸ್ತಾರೆ. ಅವರಿಗೆ ಅದು ನಮಗೆ ಅಂಡಮಾನ್ ಇದ್ದಂಗೆ, ಕೆಲವೇ ಗಂಟೆ ದಾರಿ. ಇಲ್ಲಿಂದ ಹೊರಟ್ರೆ ಎರಡು ವಿಮಾನ ಬದಲಾಯಿಸಿ, ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕೂಸನ್ನ ತೊಡೆ ಮೇಲೆ ಹಾಕ್ಕೊಂಡು ಕೂರಬೇಕು. ಅಲ್ಲಿ ಚಂಡಮಾರುತದ ಕಾಲ ಜೂನಿಂದ ನವೆಂಬರ್ ತನಕ. ಅಂದ್ರೆ ನಮ್ಮ ದಸರಾ ರಜೇನೂ ಅದರೊಳಗೇ ಬಂತು. ಅದು ಅವರ ಸಮುದ್ರ, ಅವರಿಗಿರ್ಲಿ. ನಮಗೆ ಹತ್ತಿರ ಇರೋದನ್ನ ನೋಡೋಣ.

ಯಾವಾಗ ಹೋಗೋದು

ಎಲ್ಲಾ ಗೊಂದಲ ಇಲ್ಲೇ ಶುರುವಾಗೋದು. ಶಾಲೆ ರಜೆ ಕೊಡೋದು ದಸರಾಕ್ಕೆ ಮತ್ತೆ ಏಪ್ರಿಲ್-ಮೇಗೆ. ಅಂಡಮಾನಿನಲ್ಲಿ ಮೇ ಅರ್ಧಕ್ಕೇ ಮಳೆ ಹಿಡಿಯುತ್ತೆ, ಅಕ್ಟೋಬರ್-ನವೆಂಬರಿನಲ್ಲೂ ಬಿಡಲ್ಲ. ಏಪ್ರಿಲಿನಲ್ಲಿ ಸಮುದ್ರ ಶಾಂತವಾಗಿದ್ರೂ ಸೆಕೆ ತಡೆಯೋಕಾಗಲ್ಲ. ಸಣ್ಣ ಮಕ್ಳಿಗೆ ಒಳ್ಳೇದು ಜನವರಿ, ಫೆಬ್ರವರಿ. ಆಗ ಶಾಲೆ ಇರುತ್ತಲ್ಲ ಅಂತೀರಿ. ಯುಕೆಜಿ ಮಗು ಐದು ದಿನ ಶಾಲೆಗೆ ಹೋಗದಿದ್ರೆ ಏನೂ ಮುಳುಗಲ್ಲ ರೀ. ಮಳೆಗಾಲದಲ್ಲಿ ದೋಣಿ ಹತ್ತಿಸೋದಕ್ಕಿಂತ ಮಿಸ್ ಹತ್ರ ಎರಡು ಮಾತು ಅನ್ನಿಸ್ಕೊಳ್ಳೋದೇ ವಾಸಿ.

ಶಾಲೆಗಿಂತ ದೊಡ್ಡ ಕಟ್ಟು ನಮ್ಮ ಕಡೆ ಬೇರೆ ಐತೆ, ಹುಳ. ನನ್ನ ತವರು ಶಿಡ್ಲಘಟ್ಟದ ಕಡೆ. ಹುಳ ಸಾಕೋ ಮನೇಲಿ ಕ್ಯಾಲೆಂಡರ್ ಅಂದ್ರೆ ಜ್ವರದ ಲೆಕ್ಕವೇ: ಎರಡನೇ ಜ್ವರ ಎದ್ದಿದೆಯಾ, ನಾಲ್ಕನೇ ಜ್ವರಕ್ಕೆ ಕೂತಿದೆಯಾ, ಹಣ್ಣಾಗೋಕೆ ಎಷ್ಟು ದಿನ. ಚಾಕಿ ಹುಳ ತಂದಾಗಿಂದ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕೋ ತನಕ ಹತ್ತತ್ರ 25 ದಿನ ಮನೆ ಬಿಟ್ಟು ಕದಲಂಗಿಲ್ಲ. ಗೂಡು ಹೋದ ಮೇಲೆ ಹುಳದ ಮನೆ ತೊಳೆದು, ಔಷಧಿ ಹೊಡೆದು, ಮುಂದಿನ ಬೆಳೆ ಹಿಡಿಯೋ ತನಕ ಸಿಗೋದೇ ರಜೆ. ಸೀಮೆಹಸು ಇರೋ ಮನೆಗೆ ಅದೂ ಇಲ್ಲ, ಎರಡು ಹೊತ್ತು ಡೈರಿಗೆ ಹಾಲು ಹಾಕಬೇಕಲ್ಲ. ಅದಕ್ಕೇ ಏಜೆಂಟು "ಮೂರು ತಿಂಗಳು ಮುಂಚೆ ಬುಕ್ ಮಾಡಿ, ಕಡಿಮೆ ಆಗುತ್ತೆ" ಅಂದ್ರೆ, ಬೆಳೆ ಕೂತು ಲೆಕ್ಕ ಹಾಕಿ, ಹಸು ಕರೆಯೋಕೆ ಯಾರು ಅಂತ ಗಟ್ಟಿ ಮಾಡ್ಕೊಂಡು, ಆಮೇಲೆ ಟಿಕೆಟ್ ಮಾಡಿಸಿ. ಹುಳ ಹಣ್ಣಾಗಿದ್ದಾಗ ವಿಮಾನ ಕಾಯುತ್ತಾ?

ಏಳು ಜಾಗದ ಪಟ್ಟಿ

"5 ರಾತ್ರಿ 6 ಹಗಲು" ಅನ್ನೋ ಪ್ಯಾಕೇಜ್ ಕಾಗದ ತಗೊಂಡು ನೋಡಿ. ಸೆಲ್ಯುಲಾರ್ ಜೈಲು, ರಾಸ್ ಐಲೆಂಡು, ನಾರ್ತ್ ಬೇ, ಹ್ಯಾವ್‌ಲಾಕ್, ಎಲಿಫೆಂಟ್ ಬೀಚ್, ನೀಲ್, ಬಾರಾಟಾಂಗ್. ಒಂದೊಂದು ಜಾಗಕ್ಕೂ ಒಂದೊಂದು ದೋಣಿ, ಒಂದೊಂದು ಲೈನು, ಒಂದೊಂದು ಸಲ ಬ್ಯಾಗು ಕಟ್ಟೋದು. ನಮ್ಮನೆಯವ್ರು "ದುಡ್ಡು ಕೊಟ್ಟ ಮೇಲೆ ಎಲ್ಲಾ ನೋಡ್ಬೇಕು ತಾನೇ" ಅಂತಾರೆ. ನೋಡೋದು ಯಾರು? ಮೂರು ವರ್ಷದ ಕೂಸಿಗೆ ನೀಲ್ ಐಲೆಂಡಿನ ಮರಳೂ ಒಂದೇ, ಹ್ಯಾವ್‌ಲಾಕಿನ ಮರಳೂ ಒಂದೇ. ಅದಕ್ಕೆ ಒಂದು ಬಕೀಟು, ಒಂದು ಚಮಚ, ಅಪ್ಪ ಅಮ್ಮ ಪಕ್ಕದಲ್ಲಿ ಸುಮ್ನೆ ಕೂತಿರೋದು ಸಾಕು.

ಬಾರಾಟಾಂಗ್ ಅಂತೂ ಬೇಡವೇ ಬೇಡ. ಬೆಳಗಿನ ಜಾವ ಮೂರಕ್ಕೇ ಎಬ್ಬಿಸಿ, ಕಾಡಿನ ಗೇಟಿನ ಮುಂದೆ ಗಾಡಿ ಸಾಲಲ್ಲಿ ಕೂರಿಸ್ತಾರೆ. ಆ ದಾರಿ ಹೋಗೋದು ಜಾರವಾ ಜನ ಇರೋ ಕಾಡಿನ ಮಧ್ಯೆ. ಗಾಡಿ ನಿಲ್ಲಿಸಂಗಿಲ್ಲ, ಫೋಟೋ ತೆಗೆಯಂಗಿಲ್ಲ ಅಂತ ಕಾನೂನೇ ಐತೆ. ಆದ್ರೂ ಕಿಟಕಿಯಿಂದ ಇಣುಕಿ "ಕಂಡ್ರಾ, ಕಂಡ್ರಾ" ಅನ್ನೋರು ಇರ್ತಾರೆ. ಮನುಷ್ಯರನ್ನ ಝೂ ನೋಡಿದಂಗೆ ನೋಡೋದನ್ನ ನಮ್ಮ ಮಕ್ಳಿಗೆ ನಾವೇ ಕಲಿಸಬೇಕಾ?

ಇನ್ನೊಂದು ವಿಷ್ಯ ಪ್ಯಾಕೇಜಿನವರು ಹೇಳಲ್ಲ. ಅಂಡಮಾನ್ ನಮಗಿಂತ ಬಹಳ ಮೂಡಲಿಗೆ ಐತೆ. ಗಡಿಯಾರ ಮಾತ್ರ ಒಂದೇ. ಹಂಗಾಗಿ ಅಲ್ಲಿ ಹೊತ್ತು ನಮಗಿಂತ ಒಂದು ಗಂಟೆ ಮುಂಚೆ ಹುಟ್ಟಿ ಒಂದು ಗಂಟೆ ಮುಂಚೆ ಮುಳುಗುತ್ತೆ. ಜನವರೀಲಿ ಸಂಜೆ ಐದೂಕಾಲಿಗೆಲ್ಲಾ ಹೊತ್ತು ಮುಳುಗಿಹೋಗುತ್ತೆ. ಮಧ್ಯಾಹ್ನ ಉಂಡು, ಮಗು ಮಲಗಿಸಿ, ನಾಲ್ಕೂವರೆಗೆ ಎದ್ದು ಬೀಚಿಗೆ ಹೋಗೋಣ ಅಂತಿದ್ರೆ ಕತ್ತಲೆ ನೋಡ್ಕೊಂಡು ಬರಬೇಕಾಗುತ್ತೆ. ಬೆಳಗ್ಗೆ ಐದೂಮುಕ್ಕಾಲಿಗೇ ಬೆಳಕಾಗುತ್ತಲ್ಲ, ಮಕ್ಳು ಹೆಂಗೂ ಎದ್ದಿರ್ತಾರೆ, ಆಗಲೇ ನೀರ ಹತ್ರ ಹೋಗಿಬನ್ನಿ. ಎಂಟೂವರೆಗೆ ತಿಂಡಿ, ಬಿಸಿಲೇರಿದ ಮೇಲೆ ರೂಮು, ನಿದ್ದೆ, ಮೂರು ಗಂಟೆಗೆ ಮತ್ತೆ ಹೊರಗೆ. ಜಗಳ ಇರಲ್ಲ.

ನಾನು ಬರೆದಿರೋ ಪಟ್ಟಿ ಇಷ್ಟೇ: ಮೊದಲ ರಾತ್ರಿ ಪೋರ್ಟ್ ಬ್ಲೇರ್ (ಈಗ ಶ್ರೀ ವಿಜಯಪುರಂ ಅಂತ ಹೆಸರು), ಮೂರು ರಾತ್ರಿ ಹ್ಯಾವ್‌ಲಾಕ್ (ಈಗ ಸ್ವರಾಜ್ ದ್ವೀಪ), ಕೊನೇ ರಾತ್ರಿ ಮತ್ತೆ ಪೋರ್ಟ್ ಬ್ಲೇರ್. ಕೊನೇ ರಾತ್ರಿ ಅಲ್ಲೇ ಯಾಕೆ ಅಂದ್ರೆ, ದೋಣಿ ತಪ್ಪಿದ್ರೆ ವಿಮಾನಾನೂ ತಪ್ಪುತ್ತೆ. ಮಧ್ಯೆ ಒಂದು ದಿನ ಎಡವಟ್ಟಿಗೆ ಅಂತ ಇಟ್ಕೊಳ್ಳಲೇಬೇಕು.

ಬತ್ತಿದ ಬಾವಿ ಮತ್ತೆ ಸಮುದ್ರ

ಈಗ ಮುಖ್ಯವಾದ ಮಾತಿಗೆ ಬರ್ತೀನಿ. ನಮ್ಮ ತಾತಂದಿರಿಗೆಲ್ಲಾ ಈಜು ಬರ್ತಿತ್ತು. ತೋಟದ ಬಾವೀಲಿ ಬೆಂಡು ಕಟ್ಟಿ ಇಳಿಸಿ ಕಲಿಸ್ತಿದ್ರು. ಆ ಬಾವಿಗಳು ಬತ್ತಿ ಎಷ್ಟೋ ವರ್ಷ ಆಯ್ತು. ಈಗ ಸಾವಿರ ಅಡಿ ದಾಟಿದ ಬೋರ್‌ವೆಲ್ಲು, ಸಂಪು, ಟ್ಯಾಂಕರು. ಕೆರೆಗೆ ನೀರು ಬಂದಿದ್ರೂ ಅದು ಹೆಬ್ಬಾಳ-ನಾಗವಾರ ಯೋಜನೇಲಿ ಬೆಂಗಳೂರಿನ ಕೊಳಚೆ ಸಂಸ್ಕರಿಸಿ ಬಿಟ್ಟಿರೋ ನೀರು, ಮಕ್ಳನ್ನ ಇಳಿಸಿ ಕಲಿಸೋಣ ಅನ್ನಂಗಿಲ್ಲ. ಕೃಷಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರ್ತಾರೆ, ಕಾಲು ಜಾರಿದ್ರೆ ದೊಡ್ಡವರೇ ಹತ್ತಿ ಬರೋಕಾಗಲ್ಲ. ಹಿಂಗಾಗಿ ನಮ್ಮ ಮಕ್ಳಿಗೆ ನೀರು ಅಂದ್ರೆ ಒಂದೋ ಬಕೀಟು, ಇಲ್ಲಾ ಭಯ. ಈಜು ಬಾರದ ಒಂದು ತಲೆಮಾರನ್ನ ಸಾಕಿ, ಅದನ್ನ ಸೀದಾ ಸಮುದ್ರದ ಮುಂದೆ ನಿಲ್ಲಿಸ್ತಾ ಇದೀವಿ.

2024ರ ಡಿಸೆಂಬರಿನಲ್ಲಿ ಪಕ್ಕದ ಕೋಲಾರ ಜಿಲ್ಲೆ ಮುಳಬಾಗಿಲು ಕಡೆಯ ವಸತಿ ಶಾಲೆಯಿಂದ ಪ್ರವಾಸ ಹೋಗಿದ್ದ ನಾಲ್ಕು ಹೆಣ್ಮಕ್ಕಳು ಮುರುಡೇಶ್ವರದ ಸಮುದ್ರದಲ್ಲಿ ಹೋಗಿಬಿಟ್ರು. ನಮ್ಮಂಗೇ ಬಾವಿ ಬತ್ತಿದ ಸೀಮೆ ಮಕ್ಳು. ಆ ತಾಯಂದಿರ ಮುಖ ಟೀವೀಲಿ ನೋಡಿದ ಮೇಲೆ ಅಲೆ ಹತ್ರ ಮಕ್ಳನ್ನ ನಿಲ್ಲಿಸಿ "ಸ್ಮೈಲ್ ಮಾಡು" ಅನ್ನೋಕೆ ನನಗೆ ಬಾಯಿ ಬರಲ್ಲ.

ಅದಕ್ಕೇ ನಮ್ಮನೆ ಕಾನೂನು ಬಿಗಿ. ಮಗು ನೀರಲ್ಲಿ ಇದ್ದಷ್ಟು ಹೊತ್ತು ಒಬ್ಬ ದೊಡ್ಡವರ ಕೈಯಲ್ಲಿ ಫೋನು ಇರಂಗಿಲ್ಲ. "ಎಲ್ಲರೂ ನೋಡ್ತಾ ಇದ್ವಿ" ಅಂದ್ರೆ ಯಾರೂ ನೋಡ್ತಿರಲಿಲ್ಲ ಅಂತಲೇ ಅರ್ಥ. ಕೈ ಹಿಡ್ಕೊಂಡಿದ್ರೂ ಮಗುವಿನ ಮೊಣಕಾಲು ದಾಟಿದ ನೀರು ಬೇಡ. ಗಾರ್ಡು ಸೀಟಿ ಊದಿದ್ರೆ ವಾದ ಮಾಡದೆ ಆಚೆ ಬರೋದು. ಅಂಡಮಾನಿನ ನೀರಲ್ಲಿ ಉಪ್ಪುನೀರಿನ ಮೊಸಳೇನೂ ಐತೆ. ಹ್ಯಾವ್‌ಲಾಕಿನ ರಾಧಾನಗರ ಬೀಚ್ ಹತ್ರಾನೇ 2010ರಲ್ಲಿ ಪ್ರವಾಸಿ ಹೆಂಗಸೊಬ್ಬರು ಮೊಸಳೆ ಬಾಯಿಗೆ ಸಿಕ್ಕು ತೀರ್ಕೊಂಡ್ರು. ಬೋರ್ಡು ಹಾಕಿದ ಕಡೆ ಇಳಿಯೋ ಮಾತೇ ಇಲ್ಲ. ಸ್ಕೂಬಾ ಅಂತ ಕಾಡಿಸಿದ್ರೆ, ಅದಕ್ಕೆ ಸಾಮಾನ್ಯವಾಗಿ 10 ವರ್ಷ ತುಂಬಿರಬೇಕು, ನಮ್ಮ ಮಕ್ಳಿಗೆ ಬೇಕಾದಷ್ಟು ಟೈಮ್ ಐತೆ.

ನನ್ನ ಕೇಳಿದ್ರೆ, ಮೊದ್ಲು ಮಲ್ಪೆ, ಆಮೇಲೆ ಅಂಡಮಾನ್. ರಾತ್ರಿ ಬಸ್ ಹತ್ತಿದ್ರೆ ಬೆಳಗ್ಗೆ ಉಡುಪಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೋಗುತ್ತೆ, ಮಳೆಗಾಲದಲ್ಲಿ ನಿಲ್ಲಿಸ್ತಾರೆ. ಅಲ್ಲಿ ಉಳ್ಕೊಳ್ಳೋಕೆ ಬಿಡಲ್ಲ, ನೋಡ್ಕೊಂಡು ವಾಪಸ್ ಬರಬೇಕು. ಸಣ್ಣ ಮಕ್ಳಿಗೆ ಅದೇ ಅನುಕೂಲ. ಕಂಬ ನಿಲ್ಲಿಸಿದಂಗಿರೋ ಕಲ್ಲು ನೋಡ್ತವೆ, ಕಪ್ಪೆಚಿಪ್ಪು ಆರಿಸ್ತವೆ. ದೋಣೀಲಿ ವಾಂತಿ ಆಗುತ್ತಾ, ಅಲೆ ಕಂಡು ಹೆದರ್ತಾವಾ, ಇಲ್ಲಾ ಹೆದರದೆ ಓಡ್ತಾವಾ ಅನ್ನೋದೆಲ್ಲಾ ನಮಗೂ ಗೊತ್ತಾಗುತ್ತೆ. ಹೆದರದೆ ಓಡೋ ಕೂಸೇ ಹೆಚ್ಚು ಅಪಾಯ. ಇದೆಲ್ಲಾ ತಿಳ್ಕೊಂಡ ಮೇಲೆ ವಿಮಾನದ ಟಿಕೆಟ್. ಎರಡು ವರ್ಷ ತುಂಬಿದ ಕೂಸಿಗೆ ವಿಮಾನದಲ್ಲಿ ಸೀಟಿನ ದುಡ್ಡು ಕೊಡಲೇಬೇಕು, ನೆನಪಿರ್ಲಿ. ಚೀಟಿ ಎತ್ತಿ, ಸಾಲ ಮಾಡಿ ಹೋಗೋ ದೊಡ್ಡಸ್ತಿಕೆ ಬೇಡ. ದುಡ್ಡು ಕೂಡೋ ತನಕ ಸಮುದ್ರ ಎಲ್ಲೂ ಹೋಗಲ್ಲ.

ಡಬ್ಬಿ, ಔಷಧಿ, ಅತ್ತೆ

ಊಟದ ಮಾತು ಚಿಕ್ಕದು. ರಾಗಿ ಹುರಿಹಿಟ್ಟು ಒಂದು ಡಬ್ಬಿ, ಪುಡಿ ಬೆಲ್ಲ, ಹುರಿದ ಕಡಲೇಬೀಜ. ಬಿಸಿನೀರು ಸಿಕ್ಕಿದ್ರೆ ಮಗು ಉಪವಾಸ ಇರಲ್ಲ. ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರು, ಮಗುವಿನ ತೂಕಕ್ಕೆ ಎಷ್ಟು ಅಂತ ಡಾಕ್ಟ್ರ ಹತ್ರ ಬರೆಸ್ಕೊಂಡ ಜ್ವರದ ಔಷಧಿ, ದೋಣಿ ವಾಂತಿಗೆ ಅವರೇ ಹೇಳಿದ್ದು. ಇವು ಕೈಬ್ಯಾಗಲ್ಲೇ ಇರಬೇಕು. ಸಮುದ್ರದ ಚಿಪ್ಪು, ಹವಳ ಅಲ್ಲಿಂದ ತರಂಗಿಲ್ಲ, ಅದನ್ನ ಮಕ್ಳಿಗೆ ಹೋಗೋ ಮುಂಚೇನೇ ಹೇಳಿಡಿ. ಏರ್‌ಪೋರ್ಟಲ್ಲಿ ಕಿತ್ಕೊಂಡಾಗ ಅಳೋದು ತಪ್ಪುತ್ತೆ.

ದೊಡ್ಡ ಮಾತು ಅತ್ತೇದು. "ಅತ್ತೇನೂ ಕರ್ಕೊಂಡು ಹೋಗಿ, ಮಗು ನೋಡ್ಕೋತಾರೆ, ನೀವು ಆರಾಮಾಗಿ ಸುತ್ತಬಹುದು" ಅಂತ ಎಲ್ಲರೂ ಬುದ್ಧಿ ಹೇಳ್ತಾರೆ. ಈ ಮಾತು ನನಗೆ ಸರಿ ಕಾಣಲ್ಲ. ಅರವತ್ತು ವರ್ಷ ಸೊಪ್ಪು ಕುಯ್ದು, ಹುಳಕ್ಕೆ ಹಾಕಿ, ಮಕ್ಳು ಮೊಮ್ಮಕ್ಳನ್ನ ಸಾಕಿದ ಜೀವ ಅದು. ಮೊದಲ ಸಲ ಸಮುದ್ರದ ಹತ್ರ ಹೋದಾಗ್ಲೂ ಹೋಟೆಲ್ ರೂಮಲ್ಲಿ ಕೂತು ಕೂಸು ತೂಗಬೇಕಾ? ನಮ್ಮತ್ತೆ ಕೇಳಿದ್ದು ಒಂದೇ ಮಾತು: "ಏನಮ್ಮಾ, ಅಲ್ಲಿ ನೀರಲ್ಲಿ ಕಾಲಿಟ್ಕೊಂಡು ಕೂತ್ಕೊಳ್ಳೋಕೆ ಬಿಡ್ತಾರಾ?" ಕರ್ಕೊಂಡು ಹೋಗೋದಾದ್ರೆ ಅದಕ್ಕೆ ಅಂತಲೇ ಕರ್ಕೊಂಡು ಹೋಗಿ. ದಿನಕ್ಕೊಂದು ಹೊತ್ತು ಗಂಡ ಮಕ್ಳನ್ನ ನೋಡ್ಕೊಳ್ಳಲಿ, ಅತ್ತೆ ಸೊಸೆ ನೀರಲ್ಲಿ ಕಾಲಿಟ್ಟು ಕೂರಲಿ. ಮನೇಲಿ ಆಗದಿರೋ ಮಾತು ಅಲ್ಲಾದ್ರೂ ಆಗುತ್ತೆ.

ಸೆಲ್ಯುಲಾರ್ ಜೈಲು ನೋಡಬೇಕು, ಬೇಡ ಅನ್ನಲ್ಲ. ಆದ್ರೆ ಆರು ವರ್ಷದ ಹುಡುಗನಿಗೆ ಅದರ ಅರ್ಥ ಆಗಬೇಕಾದ್ರೆ ಮೊದ್ಲು ಗೌರಿಬಿದನೂರು ಪಕ್ಕದ ವಿದುರಾಶ್ವತ್ಥಕ್ಕೆ ಕರ್ಕೊಂಡು ಹೋಗಿ. 1938ರ ಏಪ್ರಿಲ್ 25ಕ್ಕೆ ಬಾವುಟ ಹಾರಿಸೋಕೆ ಸೇರಿದ ನಮ್ಮ ಊರುಗಳ ಜನದ ಮೇಲೆ ಗುಂಡು ಹಾರಿದ ಜಾಗ ಅದು. ನಮ್ಮ ಪಕ್ಕದೂರಿನ ಕತೆ ಗೊತ್ತಿದ್ರೆ ಆ ಜೈಲಿನ ಕಂಬಿ ಹಿಡ್ಕೊಂಡು ನಿಂತಾಗ ಮಗು ತಾನೇ ಪ್ರಶ್ನೆ ಕೇಳುತ್ತೆ.

ನಮ್ಮ ಪಟ್ಟಿ ನೋಡಿ ನಮ್ಮನೆಯವ್ರು, "ಇಷ್ಟು ದೂರ ಹೋಗಿ ಎರಡೇ ಜಾಗಾನಾ?" ಅಂದ್ರು. ಹೌದು ರೀ, ಎರಡೇ. ಏಳು ಜಾಗ ನೋಡಿ ಬಂದೋರು ಫೋನಲ್ಲಿ ತೋರಿಸ್ಲಿ. ನಾಲ್ಕು ಜೀವ ಹೋಗಿದ್ದು ನಾಲ್ಕೂ ನಗ್ತಾ ವಾಪಸ್ ಬಂದು, ಅತ್ತೆ ಪಕ್ಕದ ಮನೆಯವರಿಗೆ ಸಮುದ್ರ ಹೆಂಗಿತ್ತು ಅಂತ ಒಂದು ವಾರ ಹೇಳಿದ್ರೆ ನನಗಷ್ಟು ಸಾಕು. ನಾಲ್ಕು ಅಂದ್ನಾ? ಅತ್ತೇನೂ ಸೇರಿ ಐದು.